ಮೂರನೇ ಮಹಡಿಯ ಹಿಮದ ವಾರ

ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ನಾವಿದ್ದ ಕಟ್ಟಡದಲ್ಲಿ ನಾಲ್ಕೇ ಮನೆಗಳು, ಒಂದರ ಮೇಲೊಂದು. ನೆಲಮಟ್ಟದ ಮನೆಯಲ್ಲಿ ಎಂಬತ್ತರ ಹತ್ತಿರದ ಹೆಂಗಸೊಬ್ಬರು ಒಂಟಿಯಾಗಿದ್ದರು. ನಾನೂ ನನ್ನ ಗಂಡನೂ ನಮ್ಮೊಳಗೆ ಅವರನ್ನು ಕೆಳಗಿನ ಅಜ್ಜಿ ಎನ್ನುತ್ತಿದ್ದೆವು. ಮೊದಲನೇ ಮಹಡಿಯಲ್ಲಿ ಕೆಲಸದಿಂದ ನಿವೃತ್ತರಾದ ಗಂಡಸು ಮತ್ತು ಅವರ ಹೆಂಡತಿ. ಎರಡನೆಯದು ನಮ್ಮದು. ಮೂರನೆಯದರಲ್ಲಿ ವಿಜಯಪುರದ ಯುವಕನೊಬ್ಬ, ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಆ ಮನೆ ಖಾಲಿಯಾಗುವ ಸುದ್ದಿಯನ್ನು ಅವನಿಗೆ ಹೇಳಿ ಕೊಡಿಸಿದವರು ನನ್ನ ಗಂಡನೇ. ನಮ್ಮ ಊರು ಬಾಗಲಕೋಟೆ. ಅವನು ನನ್ನ ಗಂಡನನ್ನು ಅಣ್ಣಾ ಎಂದೂ ನನ್ನನ್ನು ವೈನಿ ಎಂದೂ ಕರೆಯುತ್ತಿದ್ದ. ಈದ್ ಹಬ್ಬಕ್ಕೆ ಶೀರ್‌ಖುರ್ಮಾ ತಂದುಕೊಡುತ್ತಿದ್ದ, ನಮ್ಮ ಮನೆಯ ರೊಟ್ಟಿಗೆ ಕಾಯುತ್ತಿದ್ದ.

ಇಲ್ಲಿ ಬರೆಯುವುದರಲ್ಲಿ ನಾನು ಕಂಡದ್ದು ಯಾವುದು, ಕಾಣದ್ದು ಯಾವುದು ಎಂದು ಬೇರೆಬೇರೆಯಾಗಿಯೇ ಹೇಳುತ್ತೇನೆ. ಹಾಗೆ ಹೇಳುವುದು ನನಗೆ ಚೆನ್ನಾಗಿ ಬರುತ್ತದೆ. ಅದರಿಂದ ಏನಾಯಿತು ಎಂಬುದೇ ಇಲ್ಲಿಯ ವಿಷಯ.

ಹಿಮ ಬಿದ್ದರೆ ರಸ್ತೆಯದನ್ನು ನಗರಸಭೆಯ ಯಂತ್ರ ಬಂದು ಬಳಿದು ಬದಿಗೆ ತಳ್ಳುತ್ತದೆ. ರಸ್ತೆ ಪಕ್ಕದ ಕಾಲುದಾರಿ ಮಾತ್ರ ಆಯಾ ಮನೆಯವರ ಹೊಣೆ. ಬೆಳಗ್ಗೆ ಏಳರೊಳಗೆ, ಭಾನುವಾರವಾದರೆ ಎಂಟರೊಳಗೆ, ಮನೆಯ ಮುಂದಿನ ದಾರಿಯಲ್ಲಿ ಹಿಮ ಬಳಿದು, ಕಾಲು ಜಾರದಂತೆ ಸಣ್ಣ ಜಲ್ಲಿ ಎರಚಿರಬೇಕು. ಉಪ್ಪು ಹಾಕುವಂತಿಲ್ಲ, ಮರದ ಬೇರಿಗೆ ಕೇಡು. ಯಾರಾದರೂ ಜಾರಿ ಬಿದ್ದರೆ ಆ ದಿನ ಬಳಿಯಬೇಕಾಗಿದ್ದವನು ಉತ್ತರ ಕೊಡಬೇಕು. ನಗರಸಭೆ ಈ ಕೆಲಸವನ್ನು ಮನೆಯ ಮಾಲೀಕನಿಗೆ ವಹಿಸಿದೆ, ಮಾಲೀಕ ಬಾಡಿಗೆ ಕರಾರಿನಲ್ಲಿ ನಮಗೆ ವಹಿಸಿದ್ದಾನೆ. ನಗರಸಭೆಯ ಯಂತ್ರ ರಸ್ತೆಯ ಹಿಮವನ್ನೆಲ್ಲ ನಾವು ಬಳಿದ ದಾರಿಯ ಮೇಲೇ ತಳ್ಳಿ ಹೋಗುತ್ತಿತ್ತು. ಅದಕ್ಕೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ, ಮತ್ತೆ ಬಳಿಯುತ್ತಿದ್ದರು.

ನಾಲ್ಕು ಮನೆಗಳು ವಾರಕ್ಕೊಂದರಂತೆ ಪಾಳಿ ಹಂಚಿಕೊಂಡಿದ್ದೆವು. ಯಾರ ಪಾಳಿಯೋ ಅವರ ಬಾಗಿಲಿನ ಹಿಡಿಕೆಗೆ ಒಂದು ಮರದ ಬೋರ್ಡ್ ತೂಗುತ್ತಿತ್ತು. ಪುಸ್ತಕದಷ್ಟು ದೊಡ್ಡದು, ಮೇಲೆ ಸಲಿಕೆಯ ಚಿತ್ರ, ದಾರ ಕಟ್ಟಿದ್ದು. ವಾರ ಮುಗಿದ ಮೇಲೆ ಅದನ್ನು ಒಯ್ದು ಮುಂದಿನವರ ಬಾಗಿಲಿಗೆ ಹಾಕಬೇಕು. ಊರಿಗೆ ಹೋಗುವವರು ಬೇರೆಯವರನ್ನು ಕೇಳಿಕೊಳ್ಳಬಹುದು, ಆಗ ಬೋರ್ಡ್ ಕೂಡ ಅವರ ಬಾಗಿಲಿಗೆ ಹೋಗುತ್ತದೆ. ಬೋರ್ಡ್ ಎಲ್ಲಿಯೋ ಹೊಣೆ ಅಲ್ಲಿ. ಈ ಮಾತನ್ನು ಮೊದಲನೇ ಮಹಡಿಯ ಯಜಮಾನರು ನಾವು ಮನೆಗೆ ಬಂದ ಮೊದಲ ದಿನವೇ ಎರಡು ಸಲ ಹೇಳಿದ್ದರು.

ಜನವರಿಯ ಒಂದು ಶುಕ್ರವಾರ, ಸಂಜೆ ಐದರ ಸುಮಾರಿಗೆ, ಮೇಲಿನ ಮನೆಯ ಯುವಕ ಕೆಳಗಿಳಿದು ಬಂದು ನಮ್ಮ ಬೆಲ್ ಒತ್ತಿದ. ಬೋರ್ಡ್ ಅವನ ಕಂಕುಳಲ್ಲಿತ್ತು. ಅವನ ಮದುವೆಯಾಗಿ ಒಂದು ವರ್ಷವಾಗಿತ್ತು, ಹೆಂಡತಿಗೆ ವೀಸಾ ಸಿಕ್ಕಿದ್ದು ಆ ತಿಂಗಳು. ಮರುದಿನ ಬೆಳಗ್ಗೆ ಅವಳ ವಿಮಾನ ಫ್ರಾಂಕ್‌ಫರ್ಟಿಗೆ ಬರುವುದಿತ್ತು. ಬಾಗಿಲು ತೆರೆದವರು ನನ್ನ ಗಂಡ. ನಾನು ಹಿಟ್ಟು ನಾದುತ್ತಿದ್ದವಳು ಅದೇ ಕೈಯಲ್ಲಿ ಬಂದು ಅವರ ಹಿಂದೆ ನಿಂತೆ.

"ಅಣ್ಣಾ, ನಾಳೆ ಒಂದ ದಿನ ನನ್ನ ಪಾಳಿ ನೀವು ನೋಡ್ಕೋತೀರೇನ್ರಿ? ಸ್ನೋ ಭಾಳ ಬೀಳ್ತದಂತ," ಎಂದ.

"ಹೋಗೋ ತಮ್ಮಾ. ಮೊದಲ ಹೆಂಡ್ತೀನ್ನ ಕರಕೊಂಡ ಬಾ. ಇಲ್ಲಿ ನಾ ಅದೀನಿ."

ಅವನು ಬೋರ್ಡನ್ನು ಮುಂದೆ ಚಾಚಿ, ಇದನ್ನು ನಿಮ್ಮ ಬಾಗಿಲಿಗೆ ಹಾಕಲೇ ಎಂದು ಕೇಳಿದ. ನನ್ನ ಗಂಡ ನಕ್ಕುಬಿಟ್ಟರು.

"ನಮ್ಮ ನಮ್ಮೊಳಗ ಬೋರ್ಡ್ ಏನೋ? ನಾವೇನ್ ಜರ್ಮನ್ರೇನು? ನಿನ್ನ ಬಾಗಲಕ್ಕ ಇರಲಿ ಬಿಡು."

ಹಾಗೆಂದು ಅವನ ಕೈಯಿಂದ ಅದನ್ನು ತೆಗೆದುಕೊಂಡು ಮತ್ತೆ ಅವನ ಕಂಕುಳಿಗೇ ಸಿಕ್ಕಿಸಿ ಭುಜ ತಟ್ಟಿದರು. ಅವನ ಮುಖದಲ್ಲಿ ಸ್ವಲ್ಪ ನಾಚಿಕೆ ಕಂಡಿತು. ಮನೆಯವರ ಹತ್ತಿರ ರಸೀದಿ ಕೇಳಿದವನ ನಾಚಿಕೆ. ಕೇಳಿದವರು ಮೊದಲನೇ ಮಹಡಿಯವರಾಗಿದ್ದರೆ ನನ್ನ ಗಂಡ ಬೋರ್ಡ್ ಇಸಿದುಕೊಂಡು ಬಾಗಿಲಿಗೆ ಹಾಕುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ನಮ್ಮ ಭಾಷೆಯವನಿಂದ ಇಸಿದುಕೊಂಡರೆ ಅವನನ್ನು ಹೊರಗಿನವನನ್ನಾಗಿ ಮಾಡಿದಂತೆ ಎಂದು ಅವರಿಗೆ ಅನ್ನಿಸಿರಬೇಕು. ನನಗೂ ಹಾಗೆಯೇ ಅನ್ನಿಸಿತು. ಅವನು ನನ್ನ ಕಡೆ ತಿರುಗಿ, ನಾಳೆ ಸಂಜೆ ಅವಳನ್ನು ಮೊದಲು ನಿಮ್ಮ ಮನೆಗೇ ಕರೆದುಕೊಂಡು ಬರುತ್ತೇನೆ ಎಂದ. ಊಟ ಇಲ್ಲಿಯೇ ಆಗಲಿ ಎಂದೆ. ಅವನು ಬೋರ್ಡನ್ನು ಮೇಲೆ ಒಯ್ದು ತನ್ನ ಬಾಗಿಲಿಗೆ ಹಾಕಿ ಸ್ಟೇಶನ್ನಿಗೆ ಹೋದ. ಅವರಿಬ್ಬರನ್ನು ಬಿಟ್ಟರೆ ಈ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಫೋನಿನಲ್ಲಿ ಇದರ ಕುರುಹು ಇರಲಿಲ್ಲ. ಮೆಟ್ಟಿಲ ಮೇಲೆ ಎದುರೆದುರು ನಿಂತು ಮಾತಾಡಿದವರು ಮೆಸೇಜ್ ಯಾಕೆ ಕಳಿಸುತ್ತಾರೆ.

ಶನಿವಾರ ಬೆಳಗ್ಗೆ ಆರಕ್ಕೆ ನನ್ನ ಗಂಡನ ಅಲಾರಾಂ ಹೊಡೆಯಿತು. ಅವರು ಅದನ್ನು ನಿಲ್ಲಿಸಿದರು. ನಾನು ಎದ್ದು ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ನಿಂತ ಕಾರುಗಳ ಚಕ್ರ ಕಾಣುತ್ತಿರಲಿಲ್ಲ. ಹಿಂದಿನ ದಿನ ಸ್ವಲ್ಪ ಕರಗಿ ಹರಿದ ನೀರು ಹೆಪ್ಪುಗಟ್ಟಿತ್ತು, ಅದರ ಮೇಲೆ ಹೊಸ ಹಿಮ ಕೂತಿತ್ತು. ಭಾಳ ಬಿದ್ದದ, ಏಳ್ರಿ ಎಂದೆ. ಶನಿವಾರ ರಜಾ ಅಲ್ಲೇನ, ಎಂಟಕ್ಕ ಮಾಡಿದ್ರ ನಡೀತದ ಎಂದು ಅವರು ಹೊದಿಕೆ ಎಳೆದುಕೊಂಡರು. ಎಂಟು ಭಾನುವಾರಕ್ಕೆ, ಶನಿವಾರಕ್ಕೆ ಏಳೇ. ನನಗೆ ಗೊತ್ತಿತ್ತು. ಕೆಳಗೆ ಅಂಟಿಸಿದ ಸೂಚನೆಯಲ್ಲಿ ಮೊದಲನೇ ಮಹಡಿಯವರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ನಾನು ಅದನ್ನು ಹೇಳಲಿಲ್ಲ. ಇನ್ನೊಂದು ಸಲ ಏಳ್ರಿ ಎಂದು ಚಹಾಕ್ಕೆ ನೀರಿಟ್ಟೆ. ಸಲಿಕೆ ನೆಲಮಾಳಿಗೆಯಲ್ಲಿತ್ತು, ನಾನೇ ಹೋಗಿ ಬಳಿಯಬಹುದಿತ್ತು. ಹೋಗಲಿಲ್ಲ. ಹೊರಗೆ ಚಳಿ ಇತ್ತು, ಮಾತು ಕೊಟ್ಟವಳು ನಾನಾಗಿರಲಿಲ್ಲ.

ಏಳು ದಾಟಿದ ಮೇಲೆ ಯಂತ್ರ ಬಂದು ರಸ್ತೆಯ ಹಿಮವನ್ನು ನಮ್ಮ ದಾರಿಗೆ ತಳ್ಳಿ ಹೋಯಿತು. ಅದಾಗಿ ಸುಮಾರು ಹತ್ತು ನಿಮಿಷಕ್ಕೆ ಕೆಳಗಿನ ಅಜ್ಜಿ ಬಟ್ಟೆಯ ಚೀಲ ಹಿಡಿದು ಬಾಗಿಲಿಗೆ ಬಂದರು. ದಿನಾ ಆ ಹೊತ್ತಿಗೆ ಬ್ರೆಡ್ ತರಲು ಬೇಕರಿಗೆ ಹೋಗುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅವರು ಮೆಟ್ಟಿಲ ಮೇಲೆ ನಿಂತು ಕೋಲಿನಿಂದ ಹಿಮವನ್ನು ಎರಡು ಕಡೆ ಚುಚ್ಚಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಪಕ್ಕದ ಮನೆಗಳ ದಾರಿಯೆಲ್ಲ ಬಳಿದಾಗಿತ್ತು, ನಮ್ಮ ಮನೆಯ ಮುಂದೆ ಮಾತ್ರ ಆಗಿರಲಿಲ್ಲ. ಆಮೇಲೆ ಅವರು ಕತ್ತೆತ್ತಿ ನಮ್ಮ ಕಿಟಕಿಗಳನ್ನು ನೋಡಿದರು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಕಿಟಕಿ ತೆರೆದು ತಡೆಯಿರಿ ಎನ್ನಬಹುದಿತ್ತು. ಆ ಜರ್ಮನ್ ಮಾತು ನನಗೆ ಬರುತ್ತಿತ್ತು. ಕಿಟಕಿ ತೆರೆದರೆ ಯಾಕೆ ಬಳಿದಿಲ್ಲ ಎಂದು ಕೇಳುತ್ತಾರೆ, ಆ ಪ್ರಶ್ನೆ ನನಗೆ ಬೇಡವಾಗಿತ್ತು. ಎಷ್ಟು ಹೊತ್ತು ಸರಿದು ನಿಂತಿದ್ದೆನೋ ಲೆಕ್ಕವಿಲ್ಲ, ಚಹಾ ಉಕ್ಕುವಷ್ಟು ಹೊತ್ತೂ ಅಲ್ಲ. ಮತ್ತೆ ನೋಡಿದಾಗ ಅವರು ಕೆಳಗಿದ್ದರು. ಆದ್ದರಿಂದ ಅವರು ಬಿದ್ದದ್ದನ್ನು ನಾನು ನೋಡಿಲ್ಲ. ಬಿದ್ದ ಮೇಲೆ ನೋಡಿದೆ.

ಗಂಡನನ್ನು ಕೂಗಿ, ರಗ್ಗು ಎಳೆದುಕೊಂಡು ಓಡಿದೆ. ಅವರು ಎಡಮಗ್ಗುಲಾಗಿ ಬಿದ್ದಿದ್ದರು. ಬಲಗಾಲು ಸೊಂಟದಿಂದಲೇ ಹೊರಕ್ಕೆ ತಿರುಗಿತ್ತು, ಕಾಲು ತಿರುಗಬಾರದ ಕಡೆಗೆ. ಕೂಗುತ್ತಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ ಅವರ ತಲೆಯ ಕೆಳಗೆ ನನ್ನ ಶಾಲು ಇಟ್ಟೆ. ಅವರು ನನ್ನ ತೋಳು ಹಿಡಿದು ಮೊದಲು ಹೇಳಿದ್ದು, ಜಲ್ಲಿ ಹಾಕಿಲ್ಲ ಎಂದು. ಆಮೇಲೆ ಕೇಳಿದ್ದು, ಬೋರ್ಡ್ ಯಾರ ಬಾಗಿಲಲ್ಲಿದೆ ಎಂದು.

ಮೂರನೇ ಮಹಡಿ ಎಂದೆ.

ಆಗ ಇನ್ನೂ ಪೊಲೀಸರು ಬಂದಿರಲಿಲ್ಲ, ನನ್ನ ಗಂಡ ಮೆಟ್ಟಿಲಿಳಿದು ಬಂದಿರಲಿಲ್ಲ. ನನಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಆ ಮಾತನ್ನು ಮೊದಲು ಆಡಿದವಳು ನಾನು. ಅಜ್ಜಿ, ಹಾಗಾದರೆ ಅವನೇ ಎಂದು ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ನನ್ನ ಗಂಡ ನೆಲಮಾಳಿಗೆಯಿಂದ ಸಲಿಕೆ ಹಿಡಿದು ಬಂದು ಹಿಮ ಬಳಿಯಲು ಶುರು ಮಾಡಿದರು. ಅಜ್ಜಿಯ ಸುತ್ತ ಬಳಿದರು. ತಲೆಯಿಂದ ಒಂದು ಮೊಳ ದೂರದಲ್ಲಿ ಸಲಿಕೆ ಕಲ್ಲಿಗೆ ಉಜ್ಜುತ್ತಿತ್ತು, ಒಂದೊಂದು ಸಲ ಉಜ್ಜಿದಾಗಲೂ ಅವರ ರೆಪ್ಪೆ ಅದುರುತ್ತಿತ್ತು. ಆಂಬುಲೆನ್ಸಿನವರಿಗೆ ದಾರಿಯಾಗಲಿ ಎಂದು ಬಳಿದರೋ, ಬಳಿದಿದೆ ಎಂದಾಗಲಿ ಎಂದು ಬಳಿದರೋ, ನನಗೆ ತಿಳಿಯದು. ಆಗಲೂ ಕೇಳಲಿಲ್ಲ, ಇಂದಿನವರೆಗೂ ಕೇಳಿಲ್ಲ. ಕೊನೆಗೆ ಡಬ್ಬದಿಂದ ಜಲ್ಲಿ ತಂದು ಎರಚಿದರು. ಕೆಲವು ಕಲ್ಲುಗಳು ರಗ್ಗಿನ ಮೇಲೆ ಬಿದ್ದವು, ನಾನು ಅವನ್ನು ಒಂದೊಂದಾಗಿ ಆರಿಸಿದೆ.

ಆಂಬುಲೆನ್ಸಿನವರು ಸ್ಟ್ರೆಚರ್ ತಳ್ಳಿಕೊಂಡು ಹೋಗುವಾಗ ದಾರಿ ಮಾಡಿದ್ದಕ್ಕೆ ನನ್ನ ಗಂಡನಿಗೆ ಥ್ಯಾಂಕ್ಸ್ ಹೇಳಿದರು. ಹಿಂದೆಯೇ ಬಂದ ಇಬ್ಬರು ಪೊಲೀಸರಲ್ಲಿ ಒಬ್ಬಳು ಇಪ್ಪತ್ತೈದರ ಹುಡುಗಿ. ಈ ವಾರ ನಿಮ್ಮದೇ ಎಂದು ಅವಳು ನನ್ನ ಗಂಡನನ್ನು ಕೇಳಿದಳು. ಅಲ್ಲ ಎಂದರು ಅವರು. ವಾರ ನಮ್ಮದಲ್ಲವೇ ಅಲ್ಲ. ಅವಳು ಮೇಲೆ ಹತ್ತಿ ಹೋಗಿ ಮೂರನೇ ಮಹಡಿಯ ಬಾಗಿಲನ್ನೂ ಬೋರ್ಡನ್ನೂ ಫೋಟೋ ತೆಗೆದಳು, ಬೆಲ್ ಒತ್ತಿದಳು, ಯಾರೂ ಇಲ್ಲ ಎಂದು ಬರೆದುಕೊಂಡಳು. ಹೊರಡುವಾಗ, ತಮ್ಮ ಪಾಳಿಯಲ್ಲದಿದ್ದರೂ ಸಲಿಕೆ ಹಿಡಿಯುವ ನೆರೆಯವರು ಈಗ ಅಪರೂಪ ಎಂದಳು. ರಾತ್ರಿಯಂಗಿಯ ಮೇಲೆ ಕೋಟು ಹಾಕಿ ನಿಂತಿದ್ದ ಮೊದಲನೇ ಮಹಡಿಯವರು ನನ್ನ ಗಂಡನ ಕೈ ಕುಲುಕಿದರು. ಹಿಮವಿಲ್ಲದ ದೇಶದಿಂದ ಬಂದವನು ಹಿಮ ಕಂಡು ಓಡಿಹೋಗಿದ್ದಾನೆ, ಅದೇ ನಿಮ್ಮನ್ನು ನೋಡಿ, ನೀವು ನಮ್ಮವರಾಗಿಬಿಟ್ಟಿರಿ ಎಂದರು. ನನ್ನ ಗಂಡ ನಕ್ಕರು.

ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ಆ ದಿನವೇ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅವರ ಬುದ್ಧಿ ಮೊದಲಿನಂತೆ ಇರಲಿಲ್ಲವಂತೆ. ಇದು ಮೊದಲನೇ ಮಹಡಿಯವರು ಹೇಳಿದ್ದು, ನಾನು ಆಸ್ಪತ್ರೆಗೆ ಹೋಗಲಿಲ್ಲ.

ಸಂಜೆ ಆರಕ್ಕೆ ಯುವಕ ಹೆಂಡತಿಯೊಂದಿಗೆ ಬಂದ. ನಮ್ಮ ಬಾಗಿಲು ತೆರೆದು ಬಗ್ಗಿದರೆ ಕೆಳಗಿನ ಬಾಗಿಲು ಕಾಣುತ್ತದೆ. ಬಂದರೆಂದು ತಿಳಿದು ನಾನು ಬಗ್ಗಿದೆ. ಅವಳು ಅವನ ದೊಡ್ಡ ಜಾಕೆಟ್ಟಿನೊಳಗೆ ಇದ್ದಳು. ಅವನು ಬರೀ ಸ್ವೆಟರಿನಲ್ಲಿದ್ದ. ಮೊದಲನೇ ಮಹಡಿಯವರು ಮೆಟ್ಟಿಲಿನ ಬುಡದಲ್ಲಿ ಅವರನ್ನು ನಿಲ್ಲಿಸಿ ಆದದ್ದನ್ನೆಲ್ಲ ಹೇಳಿದರು. ಬಹಳ ನಿಧಾನವಾಗಿ, ಸುಲಭದ ಮಾತುಗಳಲ್ಲಿ, ಪರದೇಶದವನಿಗೆ ಒಂದು ಶಬ್ದವೂ ತಪ್ಪಿಹೋಗದಂತೆ ಹೇಳಿದರು. ನಿನ್ನ ವಾರ, ನಿನ್ನ ಹಿಮ, ಅವರ ಸೊಂಟ. ಅವಳಿಗೆ ಜರ್ಮನ್ ಬಾರದು. ಮನೆಯ ಹಿರಿಯರು ಸ್ವಾಗತ ಮಾಡುತ್ತಿದ್ದಾರೆ ಎಂದು ತಿಳಿದಿರಬೇಕು. ಅವರು ಹೇಳಿ ಮುಗಿಸುವವರೆಗೂ ಮುಗುಳ್ನಗುತ್ತ ತಲೆಯಾಡಿಸುತ್ತಿದ್ದಳು.

ಅವಳನ್ನು ಮೇಲೆ ಬಿಟ್ಟು ಅವನು ಒಬ್ಬನೇ ನಮ್ಮ ಬಾಗಿಲಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

"ಅಣ್ಣಾ, ನೀವು ನೋಡ್ಕೋತೀನಿ ಅಂದಿದ್ರಿ."

"ನೋಡ್ಕೊಂಡೆನಲ್ಲೋ. ನಾನ ಬಳದೀನಿ. ಬೇಕಾದ್ರ ಪೊಲೀಸ್ರನ್ನ ಕೇಳು."

"ಎಷ್ಟ ಗಂಟೇಕ್ರಿ?"

ನನ್ನ ಗಂಡ ಪಕ್ಕದ ಗೋಡೆಯ ಮೇಲೆ ಏನೋ ಇದ್ದಂತೆ ನೋಡಿದರು. ಬೋರ್ಡ್ ನಿನ್ನ ಬಾಗಿಲಲ್ಲಿತ್ತು, ಅದನ್ನು ಅವರು ಫೋಟೋ ತೆಗೆದಿದ್ದಾರೆ, ನಾನೇನು ಮಾಡಲಿ ಎಂದರು. ಅವನು ನನ್ನ ಕಡೆ ನೋಡಿದ.

"ವೈನಿ, ನೀವಿದ್ರಿ."

ಚಹಾ ಕುಡೀತೀಯೇನಪ್ಪಾ ಎಂದು ನಾನು ಕೇಳಿದೆ. ಅವನು ತಿರುಗಿ ಮೇಲೆ ಹೋದ. ಅವರಿಬ್ಬರಿಗೆಂದು ಮಾಡಿದ ಅಡುಗೆ ಒಲೆಯ ಮೇಲಿತ್ತು. ನಾವೇ ಉಂಡೆವು. ಉಣ್ಣುವಾಗ ನನ್ನ ಗಂಡ ಒಂದು ಮಾತು ಹೇಳಿದರು. ನಮ್ಮ ಪೌರತ್ವದ ಅರ್ಜಿ ಹೋಗಿ ಹನ್ನೊಂದು ತಿಂಗಳಾಗಿದೆ, ಈಗ ನನ್ನ ಹೆಸರು ಪೊಲೀಸ್ ಫೈಲಿಗೆ ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ ಎಂದರು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಅವನದೂ ಅರ್ಜಿ ಇತ್ತು, ಖಾಯಂ ವಾಸದ ಪರ್ಮಿಟ್ಟಿಗೆ. ಪೊಲೀಸ್ ತನಿಖೆ ನಡೆಯುತ್ತಿರುವವರೆಗೆ ಅದರ ತೀರ್ಮಾನ ಮಾಡುವಂತಿಲ್ಲ ಎಂದು ಪರದೇಶಿಗಳ ಕಚೇರಿಯಿಂದ ಅವನಿಗೆ ಕಾಗದ ಬಂತು. ಬೇರೆಯವರ ಹೊಣೆಗೇಡಿತನದಿಂದ ಒಬ್ಬರಿಗೆ ಗಾಯವಾದರೆ ಅದು ಇಲ್ಲಿ ಅಪರಾಧ, ಆ ತನಿಖೆಯಲ್ಲಿ ಆರೋಪಿ ಅವನು. ಇದನ್ನು ಅವನು ನಮಗೆ ಹೇಳಲಿಲ್ಲ. ಕಾಗದದ ವಿಷಯ ಹೇಳಿದವಳು ಅವನ ಹೆಂಡತಿ. ಅವಳು ಕಲಬುರಗಿ ಕಡೆಯವಳು, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು. ಗಂಡ ಅವಳಿಗೆ ನಮ್ಮ ವಿಷಯ ಏನೂ ಹೇಳಿರಲಿಲ್ಲ ಎಂದು ಅವಳ ಮಾತಿನಿಂದಲೇ ತಿಳಿಯಿತು. ಯಾಕೆ ಹೇಳಿರಲಿಲ್ಲವೋ. ಈ ಊರಿನಲ್ಲಿ ಅವಳಿಗೆ ಮಾತಾಡಲು ಇದ್ದವಳು ನಾನೊಬ್ಬಳೇ, ಅದಕ್ಕಿರಬೇಕು.

ದಿನಾ ಬೆಳಗ್ಗೆ ಮೂರನೇ ಮಹಡಿಯ ಬಾಗಿಲ ಮುಂದೆ ಒಂದು ಹಿಡಿ ಜಲ್ಲಿ ಬಿದ್ದಿರುತ್ತಿತ್ತು. ಯಾರು ಹಾಕುತ್ತಿದ್ದರೆಂದು ನಾನು ಕಂಡಿಲ್ಲ. ಮೊದಲನೇ ಮಹಡಿಯ ಬಾಗಿಲು ಬೆಳಗ್ಗೆ ತೆರೆದು ಮುಚ್ಚುವ ಸದ್ದು ಮಾತ್ರ ಕೇಳಿದ್ದೇನೆ. ಅವಳು ಅದನ್ನು ದಿನಾ ಗುಡಿಸಿ ಕಾಗದದಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. ಒಂದು ದಿನ ಮೆಟ್ಟಿಲಲ್ಲಿ ನನ್ನನ್ನು ಕೇಳಿದಳು.

"ಅಕ್ಕಾ, ಇಲ್ಲಿ ಎಲ್ಲಾರ ಬಾಗಲದಾಗೂ ಹಿಂಗ ಖಡಿ ಬೀಳ್ತಾವೇನ್ರಿ?"

ಚಳಿಗಾಲವಲ್ಲವೇ, ಬೂಟಿನ ತಳಕ್ಕೆ ಹತ್ತಿಕೊಂಡು ಬರುತ್ತವೆ ಎಂದೆ. ಈ ಇಡೀ ಪ್ರಸಂಗದಲ್ಲಿ ನಾನು ಬಾಯಿಬಿಟ್ಟು ಆಡಿದ ಸುಳ್ಳು ಇದೊಂದೇ.

ಸಂಕ್ರಾಂತಿಗೆಂದು ಜನವರಿ ಕೊನೆಯ ಭಾನುವಾರ ಇಲ್ಲಿಯ ಕನ್ನಡದವರು ಒಂದು ಹಾಲ್ ಬಾಡಿಗೆ ಹಿಡಿದು ಸೇರುತ್ತೇವೆ. ಯುವಕ ಹಿಂದಿನ ಎರಡು ವರ್ಷ ಬಂದಿದ್ದ, ಕುರ್ಚಿ ಹಾಕುವ ಕೆಲಸ ಪೂರ್ತಿ ಅವನದೇ. ಆ ವರ್ಷ ಅವನಿಗೆ ಯಾರೂ ಹೇಳಲಿಲ್ಲ. ಊಟದ ಸಾಲಿನಲ್ಲಿ ಒಬ್ಬರು ನನ್ನ ಗಂಡನನ್ನು ಹಿಮದ ಹೀರೋ ಎಂದು ಕರೆದರು. ಇನ್ನೊಬ್ಬರು, ಅವರ ಜನ ಹಂಗ ಬಿಡ್ರಿ, ಜವಾಬ್ದಾರಿ ಅನ್ನೂದ ಇಲ್ಲ ಎಂದರು. ಸುತ್ತ ನಿಂತ ನಾಲ್ಕೈದು ಮಂದಿ ಕೇಳಿಸಿಕೊಂಡರು. ನನ್ನ ಗಂಡ ಮೊಸರನ್ನದ ಪಾತ್ರೆಯ ಸೌಟಿಗೆ ಕೈ ಹಾಕಿದರು. ನಾನು ಎಳ್ಳುಬೆಲ್ಲದ ತಟ್ಟೆ ಹಿಡಿದು ಅಲ್ಲೇ ಇದ್ದೆ. ಹಾಗೆಂದವರಿಗೂ ಎಳ್ಳುಬೆಲ್ಲ ಕೊಟ್ಟೆ, ಒಳ್ಳೆಯ ಮಾತಾಡಿ ಎಂದು ನಾವು ಹೇಳುವುದನ್ನು ಹೇಳಿಯೇ ಕೊಟ್ಟೆ.

ಫೆಬ್ರವರಿಯಲ್ಲಿ ಪೊಲೀಸರಿಂದ ನನಗೆ ಸಾಕ್ಷಿಯ ಫಾರ್ಮ್ ಬಂತು. ಬರೆದು ಕಳಿಸಿದರೆ ಸಾಕು ಎಂದಿತ್ತು. ನನ್ನ ಗಂಡ ಏನು ಬರೆಯಬೇಕೆಂದು ಹೇಳಲಿಲ್ಲ. ಕೇಳಿದ್ದಕ್ಕ ಅಷ್ಟ ಉತ್ತರ ಕೊಡು ಎಂದು ಹೇಳಿ ಆಫೀಸಿಗೆ ಹೋದರು. ನಾನು ಡಿಕ್ಷನರಿ ಇಟ್ಟುಕೊಂಡು ಒಂದು ಇಡೀ ಮಧ್ಯಾಹ್ನ ಬರೆದೆ. ಬೀಳುವುದನ್ನು ಕಂಡಿರಾ ಎಂದಿತ್ತು. ಕಾಣಲಿಲ್ಲ, ಬಿದ್ದ ಮೇಲೆ ಕಂಡೆ ಎಂದು ಬರೆದೆ. ಆ ಹೊತ್ತಿಗೆ ದಾರಿ ಬಳಿದಿತ್ತೇ ಎಂದಿತ್ತು. ಇಲ್ಲ ಎಂದು ಬರೆದೆ. ಬೋರ್ಡ್ ಯಾರ ಬಾಗಿಲಲ್ಲಿತ್ತು ಎಂಬುದಕ್ಕೆ ಮೂರನೇ ಮಹಡಿ ಎಂದು ಬರೆದೆ. ಆಮೇಲೆ ಬಳಿದವರು ಯಾರು ಎಂಬುದಕ್ಕೆ ನನ್ನ ಗಂಡ ಎಂದು ಬರೆದೆ. ಪಾಳಿ ಬದಲಾಗಿತ್ತೇ ಎಂದು ಯಾರೂ ಕೇಳಿರಲಿಲ್ಲ. ಕೊನೆಯಲ್ಲಿ, ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳಿ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಅರ್ಧ ಪುಟ ಬಹಳ ಜಾಗ. ಅದರಲ್ಲಿ ಶುಕ್ರವಾರದ ಸಂಜೆಯಷ್ಟೇ ಅಲ್ಲ, ಶನಿವಾರದ ಬೆಳಗ್ಗೆಯೂ ಹಿಡಿಯುತ್ತಿತ್ತು. ಆ ಖಾಲಿ ಜಾಗದ ಮೇಲೆ ಅಡ್ಡಗೆರೆ ಎಳೆದೆ. ಬೇರೆಯವರು ಏನೂ ಸೇರಿಸದಿರಲಿ ಎಂದು ಫಾರ್ಮುಗಳಲ್ಲಿ ಹಾಗೆ ಎಳೆಯುವುದನ್ನು ಇಲ್ಲಿಗೆ ಬಂದ ಮೇಲೆ ಕಲಿತಿದ್ದೆ. ಕೆಳಗೆ ಸಹಿ ಮಾಡಿದೆ.

ಮಾರ್ಚಿನಲ್ಲಿ ಯುವಕನಿಗೆ ಕೋರ್ಟಿನಿಂದ ಆದೇಶ ಬಂತು. ವಿಚಾರಣೆ ಇಲ್ಲದೆ ಕಾಗದದಲ್ಲೇ ಶಿಕ್ಷೆ, ದಂಡ. ಎರಡು ವಾರದೊಳಗೆ ಒಪ್ಪುವುದಿಲ್ಲ ಎಂದು ಬರೆದು ಕೊಟ್ಟರೆ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತದೆ, ಕೊಡದಿದ್ದರೆ ತಪ್ಪಿತಸ್ಥನೆಂದೇ ಖಾಯಂ. ಅವನು ವಕೀಲರ ಹತ್ತಿರ ಹೋದ. ಅವರು ಫೈಲ್ ತರಿಸಿದರು, ಅದರಲ್ಲಿ ನನ್ನ ಫಾರ್ಮ್ ಇತ್ತು. ನನ್ನ ಗಂಡ ಆಫೀಸಿನಲ್ಲಿದ್ದ ಹೊತ್ತು ನೋಡಿ ಅವನು ನಮ್ಮ ಬಾಗಿಲಿಗೆ ಬಂದ. ನನ್ನ ಫಾರ್ಮಿನ ನಕಲು ಅವನ ಕೈಯಲ್ಲಿತ್ತು.

"ಪೂರಾ ಓದಿದೆ ವೈನಿ. ಒಂದೂ ಸುಳ್ಳ ಇಲ್ಲ ಇದರಾಗ. ಭಾಳ ಚಂದ ಬರದೀರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಸಿಟ್ಟು ಮಾಡಬಹುದಿತ್ತು. ವಕೀಲರು ಅವನಿಗೆ ಹೇಳಿದ್ದನ್ನು ಅವನು ನನಗೆ ವಿವರಿಸಿದ. ಮಾತಿನಲ್ಲಿ ಪಾಳಿ ಬದಲಾಯಿಸಿಕೊಂಡದ್ದೂ ನಡೆಯುತ್ತದೆ, ಸಾಕ್ಷಿ ಮಾತ್ರ ಬೇಕು. ಸಾಕ್ಷಿ ಹೇಳುವವರು ಇದ್ದರೆ ತಕರಾರು ಹಾಕೋಣ, ಇಲ್ಲದಿದ್ದರೆ ಹಾಕುವುದರಲ್ಲಿ ಅರ್ಥವಿಲ್ಲ, ಕೇಸು ಒಂದು ವರ್ಷ ಎಳೆಯುತ್ತದೆ, ಅಲ್ಲಿಯವರೆಗೆ ಪರ್ಮಿಟ್ಟೂ ನಿಂತಿರುತ್ತದೆ. ಹಾಗಾದರೆ ದಂಡ ಕಟ್ಟಿ ತಪ್ಪು ಒಪ್ಪಿಕೊಳ್ಳುವುದೇ ವಾಸಿ.

"ಕೋರ್ಟಿನಾಗ ಹೇಳ್ತೀರೇನ್ರಿ, ವೈನಿ? ನಾ ಬೋರ್ಡ್ ಕೊಡಾಕ ಬಂದಿದ್ದೆ ಅಂತ ಅಷ್ಟ."

ಅವರನ್ನು ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಎಂದು ಅವನು ಕೇಳಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಎರಡು ವಾರದಲ್ಲಿ ಇನ್ನೂ ಒಂಬತ್ತು ದಿನ ಉಳಿದಿವೆ ಎಂದು ಹೇಳಿ ಹೋದ.

ನಾನು ನನ್ನ ಗಂಡನನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ, ಆಗ ಬೇಡ ಎಂದವರು ಅವರಾಗುತ್ತಾರೆ, ಅದು ನನಗೆ ಸುಲಭ ಎಂದು ಮೊದಲು ಅಂದುಕೊಂಡೆ. ಹೇಳು ಎಂದುಬಿಟ್ಟರೆ ಎಂಬ ಹೆದರಿಕೆಯೂ ಇತ್ತು. ಆ ಒಂಬತ್ತು ದಿನಗಳಲ್ಲಿ ನಾನು ಮೆಟ್ಟಿಲಿಳಿಯುವ ಮೊದಲು ಬಾಗಿಲಿಗೆ ಕಿವಿಗೊಟ್ಟು ಮೇಲೆ ಸದ್ದಿದೆಯೇ ಎಂದು ಕೇಳಿ ಇಳಿಯುತ್ತಿದ್ದೆ. ಬೆಲ್ ಒಂದು ಸಲ ಆಯಿತು, ತೆರೆಯಲಿಲ್ಲ. ಅದೇ ವಾರ, ಆಸ್ಪತ್ರೆಯಿಂದ ವೃದ್ಧರ ಆರೈಕೆಯ ಮನೆಗೆ ಹೋಗಿದ್ದ ಕೆಳಗಿನ ಅಜ್ಜಿ ಇನ್ನು ಹಿಂತಿರುಗುವುದಿಲ್ಲ ಎಂದು ತಿಳಿಯಿತು. ಅವರ ಸಂಬಂಧಿಕರು ಬಂದು ಸಾಮಾನನ್ನೆಲ್ಲ ಹೊರಗೆ ಹಾಕಿದರು. ಮಂಚ, ಗೋಡೆ ಗಡಿಯಾರ, ಅರ್ಧ ಹೆಣೆದ ಒಂದು ಕಾಲುಚೀಲ, ಎಲ್ಲ ಎರಡು ದಿನ ಕಾಲುದಾರಿಯ ಮೇಲೆ ಬಿದ್ದಿದ್ದವು. ಹೋಗುವವರು ಬರುವವರು ಬೇಕಾದ್ದನ್ನು ಆರಿಸಿಕೊಂಡು ಹೋದರು.

ಹತ್ತನೆಯ ದಿನ, ಅಂಚೆ ಡಬ್ಬಿಗಳ ಹತ್ತಿರ, ಅವನು ನನಗೆ ಎದುರಾದ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹೆಂಡತಿ ಅವನ ಹಿಂದೆ ಎರಡು ಮೆಟ್ಟಿಲು ಮೇಲೆ ನಿಂತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಫಾರ್ಮಿಗೆ ಸಹಿ ಮಾಡಿದ ನನ್ನ ಕೈಯನ್ನು ನೋಡುತ್ತಿದ್ದಳು.

"ಮುಗೀತ್ರಿ ವೈನಿ. ನಾ ತಕರಾರು ಹಾಕಲಿಲ್ಲ," ಎಂದ. "ನಿಮ್ಮನ್ನ ಇನ್ನ ಯಾರೂ ಕರೆಯಂಗಿಲ್ಲ."

ನಾನು ಅವನಿಗೆ ಉತ್ತರ ಕೊಟ್ಟೆ. ಆಡಿದ್ದು ಎರಡೇ ಮಾತು, ಅವು ಹೀಗಿವೆ: "ಛಲೋ ಆತು."

ಅವನು ತಲೆಯಾಡಿಸಿ, ಡಬ್ಬಿಯಿಂದ ತನ್ನ ಕಾಗದಗಳನ್ನು ತೆಗೆದುಕೊಂಡು ಮೇಲೆ ಹೋದ. ಬೇಸಿಗೆಯಲ್ಲಿ ಅವರು ಮನೆ ಬಿಟ್ಟು ಕಾರ್ಲ್ಸ್‌ರುಹೆ ಎಂಬ ಊರಿಗೆ ಹೋದರೆಂದು ಬೇರೆಯವರಿಂದ ತಿಳಿಯಿತು. ಅಂಚೆ ಡಬ್ಬಿಗಳ ಮುಂದಿನ ಆ ಗಳಿಗೆಯಲ್ಲಿ ನನಗೆ ಏನನ್ನಿಸಿತು ಎಂಬುದನ್ನೂ ಸರಿಯಾಗಿ ಬರೆಯಬೇಕು. ಅನ್ನಿಸಿದ್ದು ನಾಚಿಕೆಯಲ್ಲ, ಮರುಕವೂ ಅಲ್ಲ. ಸಮಾಧಾನ. ಎರಡು ತಿಂಗಳಿನಿಂದ ಬಿಗಿಹಿಡಿದ ಉಸಿರು ಹೊರಗೆ ಹೋದಂತೆ, ಮೈಯೆಲ್ಲ ಹಗುರಾದಂತೆ ಆಯಿತು. ನಾಚಿಕೆ ಬಂದದ್ದು ಆಮೇಲೆ, ಬಹಳ ತಿಂಗಳಾದ ಮೇಲೆ. ಆಗ ಅದರಿಂದ ಅವನಿಗೆ ಏನೂ ಆಗುವಂತಿರಲಿಲ್ಲ.